ಎದೆಬಡಿತದ ಪಂದ್ಯ

ಅಂಗಡಿಯ ಶಟರ್ ಎತ್ತಲು ಬಗ್ಗಿದೆ. ಎದ್ದು ನಿಂತಾಗ ಕಣ್ಣಿಗೆ ಕತ್ತಲು ಕವಿಯಿತು. ಶಟರನ್ನೇ ಹಿಡಿದು ಒಂದು ಗಳಿಗೆ ನಿಂತೆ. ಸರಿಹೋಯಿತು. ತಿಂಡಿ ತಿಂದಿರಲಿಲ್ಲ, ಅದಕ್ಕೇ ಇರಬೇಕು ಎಂದುಕೊಂಡು ಒಳಗೆ ಹೋಗಿ ಕೆಲಸಕ್ಕೆ ಕೂತೆ. ಕನಕಪುರದಲ್ಲಿ ನನ್ನದು ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ಸುಟ್ಟ ಮೋಟಾರ್ ಬಿಚ್ಚಿ, ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು.

ನನ್ನೊಳಗೆ ಏನೋ ಕೆಟ್ಟಿದೆ ಎನ್ನುವುದಕ್ಕೂ ಗುರುತು ಸಿಕ್ಕಿತ್ತು. ಅದನ್ನು ನಾವು ಗೆಲುವು ಎಂದು ತಿಳಿದೆವು.

ನಾವು ಎಂದರೆ ನಾನು, ಪುಟ್ಟಸ್ವಾಮಿ, ಬೆಳಗಿನ ಓಟದ ಗುಂಪಿನ ಇನ್ನೊಂದಿಷ್ಟು ಜನ. ಪುಟ್ಟಸ್ವಾಮಿ ಕೋಡಿಹಳ್ಳಿ ಕಡೆಯ ರೇಷ್ಮೆ ಬೆಳೆಗಾರ. ಹೈಸ್ಕೂಲಿನಿಂದ ನನ್ನ ಜೊತೆಗಾರ. ಐವತ್ತರ ಹತ್ತಿರ ಬಂದಮೇಲೆ ಇಬ್ಬರಿಗೂ ದೂರದ ಓಟದ ಹುಚ್ಚು ಹಿಡಿಯಿತು. ಚೆನ್ನಾಗಿ ಓಡುವವರ ಎದೆ ನಿಧಾನವಾಗಿ ಬಡಿಯುತ್ತದೆ, ಹೃದಯ ಗಟ್ಟಿಯಾದಷ್ಟೂ ಪಲ್ಸ್ ಕಡಿಮೆ ಎಂದು ಯಾರೋ ಹೇಳಿದ್ದೇ ತಡ, ಅದರಲ್ಲೂ ಪಂದ್ಯ ಶುರುವಾಯಿತು. ಹಾಸಿಗೆಯಿಂದ ಏಳುವ ಮುಂಚೆ ಕೈಗಡಿಯಾರದಲ್ಲಿ ಪಲ್ಸ್ ನೋಡಿ, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು. ಯಾರದು ಎಲ್ಲರಿಗಿಂತ ಕಡಿಮೆಯೋ ಅವನು ಭಾನುವಾರದ ದಾರಿ ಆರಿಸಬೇಕು. ಪುಟ್ಟಸ್ವಾಮಿ ಗೆದ್ದರೆ ಮರಳವಾಡಿ ಕಡೆಯ ಮಟ್ಟಸ ರಸ್ತೆ. ನಾನು ಗೆದ್ದರೆ ಕಬ್ಬಾಳಿನ ಕಡೆಯ ಏರು.

ಐವತ್ತರ ಮೇಲಿದ್ದ ನನ್ನ ಪಲ್ಸ್ ಆ ಬೇಸಿಗೆಯಲ್ಲಿ ಇಳಿಯತೊಡಗಿತು. ಒಂದು ಬೆಳಿಗ್ಗೆ ಮೂವತ್ತಾರು ತೋರಿಸಿತು. ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ.

“ಏನ್ಲಾ ತಿಂತಾ ಇದ್ದೀಯ? ನಂಗೂ ಒಸಿ ಹೇಳ್ಕೊಡ್ಲಾ,” ಎಂದು ಪುಟ್ಟಸ್ವಾಮಿ ಫೋನ್ ಮಾಡಿದ. ಹೊಟ್ಟೆಯುರಿ ದನಿಯಲ್ಲೇ ಗೊತ್ತಾಗುತ್ತಿತ್ತು.

“ಮುದ್ದೆ ತಿನ್ಬೇಕು ಕಣ್ಲಾ, ಮುದ್ದೆ! ನಿನ್ನಂಗೆ ಪೂರಿ ತಿಂದ್ರೆ ಎಲ್ಲಿಂದ ಬಂದಾತು?” ಎಂದು ಬೀಗಿದೆ.

ನನ್ನ ಹೆಂಡತಿ ಸವಿತಾ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. “ಮಹಡಿ ಹತ್ತೋಕೆ ಎರಡು ಸಲ ನಿಂತ್ಕತ್ತೀರ. ಮೊದ್ಲು ಡಾಕ್ಟ್ರಿಗೆ ತೋರಿಸ್ರೀ,” ಎಂದಳು. ಓಟದವರ ವಿಷಯ ನಿನಗೆ ತಿಳಿಯೋಲ್ಲ ಬಿಡು ಎಂದೆ. ಅವಳು ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದಳು.

ಇನ್ನೊಂದು ವಿಚಿತ್ರವೂ ಇತ್ತು. ಓಡುವಾಗ ಪಲ್ಸ್ ಏರಬೇಕು. ನನ್ನದು ನಲವತ್ತರ ಆಸುಪಾಸಿನಲ್ಲೇ ನಿಂತಿರುತ್ತಿತ್ತು. ಮೋಟಾರ್ ಕೆಲಸದವನಿಗೆ ಮೊದಲು ಅನುಮಾನ ಬರುವುದೇ ಮೀಟರಿನ ಮೇಲೆ. ಗಡಿಯಾರ ಕೆಟ್ಟಿದೆ ಎಂದುಕೊಂಡೆ.

ಗಡಿಯಾರ ಸರಿಯಾಗಿಯೇ ಇತ್ತು.

ಆ ಭಾನುವಾರ, ಗೆದ್ದ ಜಂಬದಲ್ಲಿ, ಕಬ್ಬಾಳಿನ ಏರನ್ನೇ ಆರಿಸಿದೆ. ಅರ್ಧ ಏರುವಷ್ಟರಲ್ಲಿ ಪುಟ್ಟಸ್ವಾಮಿ ಮುಂದೆ ಹೋಗಿಬಿಟ್ಟಿದ್ದ. ನನ್ನ ಕಾಲು ಏಳಲೊಲ್ಲದು. ರಸ್ತೆ ಬದಿಯ ಮರಗಳು ಬಿಳಚಿಕೊಂಡವು. “ಲೇ ಪುಟ್ಟ...” ಎಂದು ಕರೆದದ್ದು ನೆನಪಿದೆ. ಆಮೇಲೆ ಮುಖದ ಮೇಲೆ ನೀರು. ನನ್ನ ತಲೆ ಪುಟ್ಟಸ್ವಾಮಿಯ ತೊಡೆಯ ಮೇಲಿತ್ತು. ಹಾಲಿನ ಕ್ಯಾನ್ ಸಾಗಿಸುತ್ತಿದ್ದ ಗೂಡ್ಸ್ ಆಟೋ ಒಂದನ್ನು ಅಡ್ಡಹಾಕಿ, ಕ್ಯಾನುಗಳ ನಡುವೆ ನನ್ನನ್ನು ಮಲಗಿಸಿ ಆಸ್ಪತ್ರೆಗೆ ತಂದ.

ಇಸಿಜಿ ನೋಡಿದ ಡಾಕ್ಟರ್ “ಕಂಪ್ಲೀಟ್ ಹಾರ್ಟ್ ಬ್ಲಾಕ್” ಎಂದರು.

“ರಕ್ತನಾಳ ಕಟ್ಕೊಂಡಿದೆಯಾ ಸಾರ್?”

“ಇಲ್ಲ, ಇದು ಕರೆಂಟಿನ ತೊಂದರೆ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಿಗ್ನಲ್ಲೇ ಹೋಗ್ತಿಲ್ಲ. ಕೆಳಗಿನದು ತನ್ನ ಪಾಡಿಗೆ ತಾನು ನಿಧಾನವಾಗಿ ಬಡ್ಕೊಳ್ತಿದೆ. ಪಲ್ಸ್ ಇಷ್ಟು ಕಡಿಮೆ ಆಗಿದ್ದು ಗೊತ್ತಾಗ್ಲಿಲ್ವಾ?”

“ಕಮ್ಮಿ ಇದ್ದಷ್ಟೂ ಒಳ್ಳೇದು ಅಂತ... ನಮ್ಮ ಗುಂಪಲ್ಲಿ ನಾನೇ ಫಸ್ಟು ಸಾರ್.”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಇನ್ನೊಂದು ಸಲ ಫಸ್ಟ್ ಬಂದಿದ್ರೆ ಮೇಲಕ್ಕೇ ಹೋಗ್ತಿದ್ರಿ,” ಎಂದರು.

ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. ಐಸಿಯುನಲ್ಲಿ ಮೈತುಂಬ ವೈರು. ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನು, ಚಿಕ್ಕ ಮಗುವಿನ ಹಾಗೆ ಹೆದರಿದೆ. ಸವಿತಾಳ ಕೈ ಬಿಡಲೇ ಇಲ್ಲ. ಬದುಕುತ್ತೇನೆ ಎಂದು ಡಾಕ್ಟರ್ ಹೇಳಿದ ಮೇಲೆ ಇನ್ನೊಂದು ಸಂಕಟ ಶುರುವಾಯಿತು. ಇನ್ನು ಮೇಲೆ ನಾನು ಜೋಪಾನ ಮಾಡಿಕೊಳ್ಳಬೇಕಾದ ರೋಗಿ, ಪುಟ್ಟಸ್ವಾಮಿ ಬೇರೆ ಯಾರ ಜೊತೆಗೋ ಜಗಳವಾಡಿಕೊಂಡು ಓಡುತ್ತಾನೆ, ನಾನು ಅಂಗಡಿ ಬಾಗಿಲಲ್ಲಿ ಕೂತು ನೋಡಬೇಕು ಎನ್ನುವುದೇ ತಲೆಯಲ್ಲಿ ಸುತ್ತುತ್ತಿತ್ತು.

ಎದೆಯ ಎಡಗಡೆ, ಕೊರಳೆಲುಬಿನ ಕೆಳಗೆ, ಹೃದಯಕ್ಕೆ ಸಿಗ್ನಲ್ ಕೊಡುವ ಪೇಸ್‌ಮೇಕರ್ ಕೂರಿಸಿದರು. ಬೆಂಕಿಪೊಟ್ಟಣದಷ್ಟು ಉಬ್ಬು. “ಓಡಬಹುದಾ ಸಾರ್?” ಎಂದು ಕೇಳಿದೆ. “ಗಾಯ ಮಾಗಲಿ. ಚೆಕಪ್ ಮಾಡಿ ಹೇಳ್ತೀನಿ,” ಎಂದರು.

ಪುಟ್ಟಸ್ವಾಮಿ ಎಳನೀರು ಹಿಡಿದು ವಾರ್ಡಿಗೆ ಬಂದ. ಸವಿತಾ ತಡೆದುಕೊಂಡಿದ್ದನ್ನೆಲ್ಲ ಅವನ ಮೇಲೆ ಸುರಿದಳು. “ನಿಮ್ಮ ಪಂದ್ಯದ ಮನೆ ಹಾಳಾಗ! ಸಾಯೋ ಮನುಷ್ಯಂಗೆ ಚಪ್ಪಾಳೆ ತಟ್ಟಿದ್ರಲ್ಲ ಪುಟ್ಟಸ್ವಾಮಣ್ಣ!”

“ತಪ್ಪಾಯ್ತು ಕಣವ್ವ,” ಎಂದ ಅವನು. ನನ್ನ ಮುಖ ನೋಡದೆ ಎಳನೀರನ್ನು ಮಂಚದ ಕೆಳಗಿಟ್ಟು ಹೊರಟುಹೋದ.

ಮನೆಗೆ ಬಂದೆ. ಎಡಗೈ ಭುಜಕ್ಕಿಂತ ಮೇಲೆ ಎತ್ತುವ ಹಾಗಿಲ್ಲ. ಅಂಗಿ ತೊಡಿಸುವುದು, ತಲೆಗೆ ನೀರು ಹಾಕುವುದು ಎಲ್ಲ ಸವಿತಾಳದೇ. ಬೈಯುತ್ತಲೇ ಮಾಡುತ್ತಿದ್ದಳು, ಕೈ ಮಾತ್ರ ಹಗುರವಾಗಿರುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವಿಬ್ಬರೂ ಕೂತು ಅಷ್ಟು ಮಾತಾಡಿದ್ದೇ ಇಲ್ಲ. ಕಾಯಿಲೆ ಅದೊಂದು ಉಪಕಾರ ಮಾಡಿತು.

ಮಹಡಿ ಹತ್ತಿದೆ. ನಿಲ್ಲದೆ ಹತ್ತಿದೆ. ಕಣ್ಣಲ್ಲಿ ನೀರು ಬಂತು.

ಪುಟ್ಟಸ್ವಾಮಿ ದಿನಾ ಬೆಳಿಗ್ಗೆ ಬಂದು ನನ್ನನ್ನು ವಾಕಿಂಗಿಗೆ ಕರೆದೊಯ್ಯತೊಡಗಿದ. ಮೊಣಕೈ ಹಿಡಿದು, “ಹುಷಾರು, ಕಲ್ಲೈತೆ. ಒಸಿ ಕುಂತ್ಕೊ,” ಎನ್ನುತ್ತಿದ್ದ. ಒಂದು ಕುಚೋದ್ಯವಿಲ್ಲ, ಒಂದು ಬೈಗುಳವಿಲ್ಲ. ಗುಂಪಿನಲ್ಲಿ ಪಲ್ಸ್ ಹಾಕುವುದನ್ನು ಎಲ್ಲರೂ ನಿಲ್ಲಿಸಿದ್ದರು, ಒಳ್ಳೆಯದೇ ಆಯಿತು. ಆದರೆ ನನ್ನನ್ನು ರೇಗಿಸುವುದನ್ನೂ ನಿಲ್ಲಿಸಿದ್ದರು. ಎಲ್ಲರ ಬಾಯಲ್ಲೂ ‘ಹೇಗಿದ್ದೀರಾ ಅಣ್ಣ’. ಮೈ ಉರಿದುಹೋಗುತ್ತಿತ್ತು.

ಚೆಕಪ್ಪಿನಲ್ಲಿ ಡಾಕ್ಟರ್ ಕಂಪ್ಯೂಟರ್ ನೋಡಿ, “ನಿಧಾನವಾಗಿ ಶುರು ಮಾಡಿ. ತಲೆ ತಿರುಗಿದ್ರೆ ತಕ್ಷಣ ನಿಲ್ಲಿಸ್ಬೇಕು,” ಎಂದರು. ಸವಿತಾ ನಿಟ್ಟುಸಿರುಬಿಟ್ಟು, “ಪುಟ್ಟಸ್ವಾಮಣ್ಣ ಜೊತೇಲಿದ್ರೆ ಮಾತ್ರ,” ಎಂದು ಒಪ್ಪಿದಳು.

ಮೊದಲ ದಿನ ಮಟ್ಟಸ ರಸ್ತೆಯಲ್ಲೇ ಓಡಿದೆವು. ಓಟವೇನು ಬಂತು, ಕುಂಟು ನಡಿಗೆಗಿಂತ ಒಂದು ಕೂದಲೆಳೆ ಮೇಲು. ಪುಟ್ಟಸ್ವಾಮಿ ನನ್ನ ಹಿಂದೆಯೇ ಬರುತ್ತಿದ್ದ. ನಾನು ನಿಧಾನಿಸಿದರೆ ಅವನೂ ನಿಧಾನಿಸುತ್ತಿದ್ದ. ಹೀಗೇ ಕೆಲವು ವಾರ ನಡೆಯಿತು. ಮೈಗೆ ಬಲ ಬಂತು, ಉಸಿರು ಹಿಡಿತಕ್ಕೆ ಬಂತು. ಅವನು ಮಾತ್ರ ನನ್ನ ಮುಂದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಕೊನೆಗೆ ನಡುರಸ್ತೆಯಲ್ಲಿ ನಿಂತುಬಿಟ್ಟೆ.

“ಲೇ, ನಾನೇನು ಕಂಕುಳ ಕೂಸಾ? ಮುಂದಕ್ಕೋಗ್ಲಾ!”

ಅವನು ಸೊಂಟದ ಮೇಲೆ ಕೈಯಿಟ್ಟು ನೆಲ ನೋಡಿದ. “ಆವತ್ತು ನೀನು ಕೂಗಿದ್ದು ನಂಗೆ ಕೇಳಿಸ್ತು ಕಣ್ಲಾ. ಸೋಲ್ತೀನಿ ಅಂತ ನಾಟಕ ಆಡ್ತಾವ್ನೆ ಅಂದ್ಕಂಡೆ. ನಕ್ಕೊಂಡು ಇನ್ನೂ ಜೋರಾಗಿ ಓಡ್ಬುಟ್ಟೆ. ಆಮೇಲೆ ತಿರುಗಿ ನೋಡ್ತೀನಿ, ನೀನು ರಸ್ತೇಲಿ ಬಿದ್ದಿದ್ದೆ. ನಿನ್ನನ್ನ ಹಿಂದೆ ಬುಟ್ಟು ಓಡೋಕೆ ನನ್ನ ಕಾಲೇ ಬರಾಕಿಲ್ಲ.”

ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ವಾರ ನಾನು ಕರುಣೆ ಎಂದುಕೊಂಡು ಉರಿದುಕೊಂಡಿದ್ದು ಅವನ ಭಯ. ನನ್ನ ಎದೆಗೆ ಡಾಕ್ಟರ್ ಒಂದು ಯಂತ್ರ ಕೂರಿಸಿದರು. ಅವನ ಭಯಕ್ಕೆ ನಾನೇ ಏನಾದರೂ ಮಾಡಬೇಕಿತ್ತು.

“ನಾನೂ ನಾಟಕ ಆಡೋನೇ ಕಣೋ, ಎಷ್ಟು ಸಲ ಆಡಿಲ್ಲ? ನಿನ್ನ ಜಾಗದಲ್ಲಿದ್ದಿದ್ರೆ ನಾನೂ ಓಡ್ತಿದ್ದೆ. ಆದ್ರೆ ಹಿಂಗೆ ಹಿಂದೆ ಹಿಂದೆ ಬಂದ್ರೆ ನಾನು ಬದುಕಿ ಏನು ಸುಖ? ನೀನು ಓಡು, ನಾನು ಅಟ್ಟಿಸ್ಕೊಂಡು ಬರ್ತೀನಿ.”

ಅವನು ಅನುಮಾನದಲ್ಲೇ ಹೊರಟ. ಹತ್ತು ಮಾರಿಗೊಮ್ಮೆ ತಿರುಗಿ ನೋಡುತ್ತಿದ್ದ. “ಮುಂದೆ ನೋಡ್ಕೊಂಡು ಓಡ್ಲಾ ಬಡ್ಡೆತ್ತದೇ!” ಎಂದು ಕೂಗಿದೆ. ಹೆಜ್ಜೆ ಜೋರಾಯಿತು. ಹಿಪ್ಪುನೇರಳೆ ತೋಟದ ಪಕ್ಕದ ತಿರುವು ಬಂತು. ಅಲ್ಲಿ ಅವನು ತಿರುಗಿ ನೋಡಲಿಲ್ಲ, ನಿಲ್ಲಲಿಲ್ಲ, ನನ್ನನ್ನು ಹಿಂದೆ ಬಿಟ್ಟು ಮರೆಯಾದ.

ರಸ್ತೆಯಲ್ಲಿ ನಾನೊಬ್ಬನೇ ಉಳಿದೆ. ಎದೆ ತಾಳ ತಪ್ಪದೆ ಬಡಿಯುತ್ತಿತ್ತು. ಸೋತೆನಲ್ಲ ಎಂದು ನಗುತ್ತ ಅವನನ್ನು ಹಿಡಿಯಲು ಓಡಿದೆ.