ರುಚಿ ನೋಡದೆ ಬೇಯಿಸಿದ ಭಜ್ಜಿ

ಜ್ವರ ಬಿಟ್ಟ ಮೇಲೆ ಅವ್ವನ ನಾಲಗೆಗೆ ರುಚಿ ತಿಳಿಯುವುದು ನಿಂತಿತ್ತು. ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಒಂದು ದಿನ ಬೇಳೆಗೆ ಉಪ್ಪಿರುತ್ತಿರಲಿಲ್ಲ, ಮರುದಿನ ಬಾಯಿಗಿಡಲಾಗದಷ್ಟು. ಚಮಚೆಯಲ್ಲಿ ರುಚಿ ನೋಡುವಳು, ಏನೂ ತಿಳಿಯದೆ ಇನ್ನಷ್ಟು ಹಾಕುವಳು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಉಮರ್ಗಾದ ಕಡೆ ಅಂದು ಊರೆಲ್ಲ ಹೊಲದಲ್ಲಿ ಉಣ್ಣುತ್ತದೆ. ಹಸಿ ಕಡಲೆ, ತೊಗರಿ, ಅವರೆ, ಸೊಪ್ಪುಗಳನ್ನು ಕಡಲೆ ಹಿಟ್ಟು ಕಲಸಿದ ಹುಳಿಮಜ್ಜಿಗೆಯಲ್ಲಿ ಕುದಿಸಿದ ಭಜ್ಜಿ, ಜತೆಗೆ ಸಜ್ಜೆ ರೊಟ್ಟಿ, ಅಂಬಲಿ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸುತ್ತಾರೆ. ನಮ್ಮ ಹೊಲದ ಭಜ್ಜಿ ಯಾವಾಗಲೂ ಅವ್ವನದೇ. ನಾನು ಉದಗೀರಿನಿಂದ ಬಸ್ಸಿನಲ್ಲಿ ಬಂದಿಳಿದಾಗ ಅದರದೇ ಜಗಳ ನಡೆದಿತ್ತು.

"ಈ ಸಲ ನೀವು ಕುಂದರ್ರಿ ಅತ್ತಿ. ಭಜ್ಜಿ ನಾ ಮಾಡ್ತೀನಿ," ಎಂದರು ವೈನಿ, ನಿಲಂಗಾದಿಂದ ಸೊಸೆಯಾಗಿ ಬಂದ ನನ್ನ ಅಣ್ಣನ ಹೆಂಡತಿ.

"ನಿಲಂಗಾದ ಭಜ್ಜಿ ನಮ್ಮ ಹೊಲದಾಗ ಉಣ್ಣಸ್ತೀ ಏನು?"

"ನಿಲಂಗಾದ್ದ ಆದ್ರೇನಾತು, ಉಪ್ಪರ ಸರಿ ಇರ್ತದ್ರಿ."

ಅವ್ವ ಸೌಟು ಕೈಗೆತ್ತಿಕೊಂಡಳು. "ಇದೊಂದ್ ಸಲ ಮಾಡ್ತೀನವಾ. ಕೆಟ್ಟರ ಸೌಟ ನಿನ್ನ ಕೈಯಾಗ ಕೊಡ್ತೀನಿ. ಮತ್ತ ಒಲಿ ಕಡಿ ಬರಂಗಿಲ್ಲ."

ಮರುದಿನ ಬೆಳಿಗ್ಗೆ ಭಜ್ಜಿ ಕುದಿಯುವಾಗ ವೈನಿ ಮೈದುನನಾದ ನನ್ನ ಕಿವಿಯಲ್ಲಿ ತವರಿನ ಮರಾಠಿಯಲ್ಲೇ ಅಂದರು, "ಥೋಡ ಚಾಖೂನ ಬಘಾ ಭಾವಜಿ." ನಾನು ರುಚಿ ನೋಡಲು ಕೈ ಚಾಚಿದೆ. ಅವ್ವ ಸೌಟಿನಿಂದ ಕೈ ತಡೆದಳು. "ದೇವರ ಎಡಿ ಆಗೂ ಮೊದಲ ಬಾಯಿಗಿ ಹಚ್ತೀ?"

ಅವಳೂ ಹಚ್ಚಲಿಲ್ಲ. ಅಂಗೈಗೆ ಉಪ್ಪು ಸುರಿದುಕೊಂಡು, ಕಣ್ಣಲ್ಲೇ ಅಳೆದು, ಪಾತ್ರೆಗೆ ಹಾಕಿದಳು. ಗುಳ್ಳೆ ಏಳುವುದನ್ನು ನೋಡುತ್ತ ತಿರುವಿದಳು. ಕುದಿಯುವ ಸದ್ದು ದಪ್ಪವಾದಾಗ ಒಲೆಯಿಂದ ಕಟ್ಟಿಗೆ ಹೊರಗೆಳೆದಳು.

ಹೊಲದಲ್ಲಿ ಪಾಂಡವರೆಂದು ಇಟ್ಟ ಐದು ಕಲ್ಲಿಗೆ ಎಡೆಯಾಯಿತು, ಎಡೆಯ ಅಡುಗೆಯನ್ನು ಚರಗವೆಂದು ಬೆಳೆಯ ಸುತ್ತ ಚೆಲ್ಲಿದೆವು. ಊಟಕ್ಕೆ ಕೂತಾಗ ಅವ್ವ ಉಣ್ಣದೆ ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು. ವೈನಿ ಮೊದಲ ತುತ್ತು ನುಂಗಿ ಕೈ ನಿಲ್ಲಿಸಿದರು.

"ಅತ್ತಿ, ಬರೋಬರ ಅದರಿ!"

"ನನ್ನ ಸಮಾಧಾನಕ್ಕ ಅನಬ್ಯಾಡ."

"ಸುಳ್ಳ ಹೇಳಿ ನನಗೇನ ಸಿಗ್ತದ್ರಿ? ಕೆಟ್ಟೈತಿ ಅಂದಿದ್ರ ಸೌಟರ ಸಿಗ್ತಿತ್ತು."

ಎಲ್ಲರೂ ನಕ್ಕರು. ನಾನೂ ತಿಂದೆ. ಹೋದ ವರ್ಷದ್ದೇ, ಅದರ ಹಿಂದಿನ ವರ್ಷದ್ದೇ ರುಚಿ. ಆಗ ತಿಳಿಯಿತು: ಸೊಸೆಯಾಗಿ ಬಂದಾಗಿನಿಂದ ಅವ್ವ ದೇವರ ಎಡೆಯ ಈ ಒಂದು ಅಡುಗೆಯನ್ನು ಒಮ್ಮೆಯೂ ರುಚಿ ನೋಡಿ ಮಾಡಿರಲಿಲ್ಲ. ಅವಳ ನಾಲಗೆ ಮರೆಯಲು ಇಲ್ಲಿ ಏನೂ ಇರಲಿಲ್ಲ. ವರ್ಷಕ್ಕೊಮ್ಮೆ ಮಾತ್ರ ಮಾಡುವುದನ್ನು ಒಂದು ಅಂಗೈ ಇಷ್ಟು ಕರಾರುವಾಕ್ಕಾಗಿ ನೆನಪಿಟ್ಟುಕೊಳ್ಳಬಲ್ಲದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಅವ್ವ ತಾನೂ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

"ಏನರ ತಿಳೀತೇನ್ರಿ?" ವೈನಿ ಕೇಳಿದರು.

"ಬಿಸಿ ಅದ. ಅಷ್ಟ."

ವೈನಿ ಎದ್ದು ಹೋಗಿ ಕೈ ತೊಳೆದು ಬಂದರು. ಬುತ್ತಿಯಲ್ಲಿದ್ದ ಉಪ್ಪಿನ ಡಬ್ಬಿಯನ್ನು ಅವ್ವನ ಮುಂದಿಟ್ಟು ತಮ್ಮ ಅಂಗೈ ಒಡ್ಡಿದರು. ಅವ್ವ ಅದರಲ್ಲಿ ಉಪ್ಪು ಸುರಿದಳು, ನೋಡಿದಳು, ಎರಡು ಚಿಟಿಕೆ ತಿರುಗಿ ತೆಗೆದಳು.

"ನಿನ್ನ ಅಂಗೈ ದೊಡ್ಡದದವಾ," ಎಂದಳು.