ಚಾಂದವಡ್ ಏರಿನಲ್ಲಿ ನಿಲ್ಲುವ ಕಾರು

ಗಂಡ ಹರಿದಾಸ ತೀರಿಕೊಂಡ ವರ್ಷವೇ ಜಲಜಾಕ್ಷಿ ಕಾರು ಓಡಿಸಲು ಕಲಿತಳು. ಕುಂದಾಪುರದ ಕಡೆಯಿಂದ ಬಂದು ಇಬ್ಬರೂ ಸೇರಿ ನಾಸಿಕದ ಪಂಚವಟಿಯಲ್ಲಿ ಸಸ್ಯಾಹಾರಿ ಹೋಟೆಲು ಕಟ್ಟಿದ್ದರು. ಚಾಂದವಡ್ ಪೇಟೆಯಿಂದ ಈರುಳ್ಳಿ ತರಲೆಂದು ಹರಿದಾಸ ಒಬ್ಬ ವಕೀಲರ ಹಳೆಯ ಕಪ್ಪು ಕಾರನ್ನು ಕೊಂಡಿದ್ದ. ೧೯೬೮ರ ಬೇಸಗೆಯಲ್ಲಿ ಚಾಂದವಡ್ ದಾರಿಯ ಮೇಲೆ ಅದೇ ಕಾರಿನ ಹಿಂದಿನ ಗಾಲಿಗೆ ಒರಗಿ ಕೂತಂತೆ ಅವನ ಹೆಣ ಸಿಕ್ಕಿತು. ಹೃದಯ ನಿಂತಿದೆ ಎಂದರು ಡಾಕ್ಟರು. ನಡುದಾರಿಯಲ್ಲಿ ಗಾಡಿ ನಿಂತರೆ ಯಾರಾದರೂ ಮೊದಲು ಬಾನೆಟ್ ಎತ್ತುತ್ತಾರೆ. ಅವನು ಹಿಂದಕ್ಕೆ ಯಾಕೆ ಹೋಗಿದ್ದ ಎಂಬುದು ಯಾರಿಗೂ ತಿಳಿಯಲಿಲ್ಲ.

ಕಾರು ಮಾರಿಬಿಡು ಎಂದರು ಬಂಧುಗಳು. ಜಲಜಾಕ್ಷಿ ಮಾರಲಿಲ್ಲ. ಲೈಸೆನ್ಸ್ ಆದ ಮೇಲೆ ಸೆರಗು ಬಿಗಿದು ತಾನೇ ಈರುಳ್ಳಿಗೆ ಹೊರಟಳು.

ಚಾಂದವಡ್ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆ ಏರುತ್ತದೆ. ಅಲ್ಲಿ ಕಾರು ಕೆಮ್ಮಿತು. ಎರಡು ಸಲ ಜಗ್ಗಿ, ಗಂಟಲು ಕಟ್ಟಿದವರಂತೆ ಗೊರಗೊರ ಎಂದು ನಿಂತಿತು. ಹರಿದಾಸ ಸತ್ತ ಜಾಗವೂ ಅದೇ. ಸ್ಟಿಯರಿಂಗ್ ಬಿಡದೆ ಅವಳು ಸೀಟಿನಲ್ಲೇ ಕೂತಿದ್ದಳು. ತುಸು ಹೊತ್ತಿನ ಮೇಲೆ ಚಾವಿ ತಿರುಗಿಸಿದರೆ, ಏನೂ ಆಗಿಲ್ಲವೆಂಬಂತೆ ಹೊರಟಿತು. ಮುಂದಿನ ವಾರವೂ ಅದೇ ಏರು, ಅದೇ ಕೆಮ್ಮು. ನಾಸಿಕದ ಬೀದಿಗಳಲ್ಲಿ ಮಾತ್ರ ಒಮ್ಮೆಯೂ ಕೆಮ್ಮಲಿಲ್ಲ.

ಸಾತಪುರದ ದಾರಿಯಲ್ಲಿ ಗ್ಯಾರೇಜು ಇಟ್ಟಿದ್ದ ಮನ್ಮಥಪ್ಪ ಭಾಲ್ಕಿಯವನು. ಪ್ಲಗ್ಗು ಬದಲಿಸಿದ, ಕಾರ್ಬ್ಯುರೇಟರ್ ತೊಳೆದ. ಕೆಮ್ಮು ಹೋಗಲಿಲ್ಲ. ಕೊನೆಗೆ ಅವಳ ಜೊತೆ ತಾನೇ ಹೊರಟ.

ಏರಿನಲ್ಲಿ ಕಾರು ನಿಂತಾಗ ಮಧ್ಯಾಹ್ನ. ಗಾಳಿ ಇರಲಿಲ್ಲ, ಒಂದು ಹಕ್ಕಿಯ ದನಿಯೂ ಇರಲಿಲ್ಲ. ಮನ್ಮಥಪ್ಪ ಬಾನೆಟ್ ಎತ್ತಿ ಪೆಟ್ರೋಲಿನ ನಳಿಗೆ ಬಿಚ್ಚಿದ. ಒಣಗಿತ್ತು.

"ಟಾಕಿ ತುಂಬ ಪೆಟ್ರೋಲ್ ಅದ ಅಕ್ಕಾರ, ಇಲ್ಲಿ ನೋಡಿದ್ರ ಹನಿ ಬರವಲ್ದು. ಹಿಂದ ಏನೋ ಹಿಡದ್ ಜಗ್ಗಕತ್ಯದ."

ಅವನು ಹಿಂದಕ್ಕೆ ಹೋಗಿ ಟ್ಯಾಂಕಿಗೆ ಕಿವಿಯಿಟ್ಟ. ಆಮೇಲೆ ಮುಚ್ಚಳ ತಿರುಗಿಸಿದ.

ಕಾರು ಉಸಿರೆಳೆದುಕೊಂಡಿತು. ನೀರಿನಲ್ಲಿ ಮುಳುಗಿದವನು ಮೇಲೆ ಬಂದು ಎಳೆದುಕೊಳ್ಳುವಂಥ ಉದ್ದನೆಯ ಉಸಿರು. ಜಲಜಾಕ್ಷಿ ಹಿಂದೆ ಸರಿದು ರಸ್ತೆಯಂಚಿನ ಕಲ್ಲಿಗೆ ಎಡವಿದಳು.

"ಅದೆಂತದು ಮನ್ಮಥಪ್ಪನವರೇ?"

"ಅಂಜಬ್ಯಾಡ್ರಿ. ಮುಚ್ಚಳದಾಗ ಗಾಳಿಗಂತ ಸಣ್ಣ ತೂತು ಇರ್ತದ. ಮಣ್ಣು ತುಂಬಿ ಮುಚ್ಯದ. ನಾಸಿಕದಾಗ ಪೆಟ್ರೋಲ್ ಹಾಕ್ಸಿ ಬಿಗೀತೀರಿ, ಇಲ್ಲಿಗ್ ಬರೋದ್ರಾಗ ಒಳಗ ಉಸಿರು ಕಟ್ತದ. ಅದಕ್ಕ ಪೆಟ್ರೋಲ್ ಮುಂದ ಹೋಗಂಗಿಲ್ಲ. ತುಸು ನಿಂದ್ರಿಸಿದ್ರ ಗಾಳಿ ಜಿನುಗಿ ಮತ್ತ ಹೊಂಡ್ತದ." ಜೇಬಿನ ಸೂಜಿಯಿಂದ ತೂತು ಬಿಡಿಸಿ ತೋರಿಸಿದ.

ಅವನು ಸೂಜಿಯನ್ನು ಜೇಬಿಗಿಡುವಷ್ಟರಲ್ಲಿ, ಆಡು ಮೇಯಿಸುತ್ತಿದ್ದ ಒಬ್ಬ ಮುದುಕಿ ರಸ್ತೆಗೆ ಬಂದು ಕಾರನ್ನೇ ದಿಟ್ಟಿಸಿದಳು. ರುಕ್ಮಿಣಿಬಾಯಿ ಅಂತೆ. ಮರಾಠಿಯಲ್ಲಿ ಕೇಳಿದಳು, "ಇದು ಆ ಹೋಟೆಲಿನವರ ಗಾಡಿಯಲ್ಲವೇ?"

"ನಾನು ಅವರ ಹೆಂಡತಿ."

ಮುದುಕಿ ತಲೆಯ ಮೇಲಿನ ಸೆರಗು ಎಳೆದುಕೊಂಡಳು. "ಆವತ್ತು ಅವರೂ ಹೀಗೆಯೇ ಕಿವಿಯಿಟ್ಟಿದ್ದರು. ಮುಚ್ಚಳ ತೆಗೆದಾಗ ಗಾಡಿ ಉಸಿರೆಳೆಯಿತು, ನನಗೂ ಕೇಳಿಸಿತು. ಅವರು ನಕ್ಕರು. 'ತಗೋ, ಉಸಿರಾಡು ಈಗ' ಅಂದರು. ಅಷ್ಟೇ ತಾಯಿ. ಗಾಡಿ ಉಸಿರು ಎಳೆದುಕೊಂಡಿತು, ಅವರು ಕೂತುಬಿಟ್ಟರು. ಮುಚ್ಚಳ ಕೈಯಲ್ಲೇ ಇತ್ತು. ನಾನೇ ಬಿಡಿಸಿಕೊಂಡು ಗಾಡಿಗೆ ಹಾಕಿದೆ."

ಮನ್ಮಥಪ್ಪ ಕೈಯಲ್ಲಿದ್ದ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ ಬಿಗಿದ. ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ.

"ಗಾಡಿ ಛಲೋ ಆಗ್ಯದ ಅಕ್ಕಾರ. ನಂಗ ಗ್ಯಾರೇಜಿನ್ಯಾಗ ಜರೂರಿ ಕೆಲ್ಸ ಅದ. ಇಲ್ಲೇ ಎಸ್ಟಿ ಬಸ್ ಹಿಡ್ಕೊಂಡು ಹೋಗ್ತೀನ್ರಿ."

"ಚಾಂದವಡ್ ಇಲ್ಲೇ ಉಂಟಲ್ಲ. ಈರುಳ್ಳಿ ಹಾಕಿಕೊಂಡು ಒಟ್ಟಿಗೇ ಹೋಗುವ."

"ಬ್ಯಾಡ್ರಿ," ಎಂದ. ಅವಳ ಮುಖ ನೋಡಲಿಲ್ಲ.

ಬಸ್ಸು ಅವನನ್ನು ಹತ್ತಿಸಿಕೊಂಡು ಹೋಯಿತು. ಮುದುಕಿಯೂ ಆಡುಗಳ ಹಿಂದೆ ಗುಡ್ಡ ಹತ್ತಿದಳು. ಜಲಜಾಕ್ಷಿ ಕಾರಿನ ಹೊರಗೆ ಬಿಸಿಲಲ್ಲಿ ಬಹಳ ಹೊತ್ತು ನಿಂತಳು. ಮುಚ್ಚಳದ ಕಡೆ ಹೋಗಿ ಒಮ್ಮೆ ಕೈ ಚಾಚಿದಳು, ಮುಟ್ಟಲಿಲ್ಲ. ಹೋಟೆಲಿನಲ್ಲಿ ನಾಳೆಗೆ ಈರುಳ್ಳಿ ಇರಲಿಲ್ಲ. ಬಾಗಿಲು ತೆರೆದು ಕೂತಳು.

ಎಂಜಿನ್ ಒಂದೇ ತಿರುವಿಗೆ ಹತ್ತಿತು, ಏರಿನ ಉದ್ದಕ್ಕೂ ಸಣ್ಣ ತಡೆಯೂ ಇಲ್ಲದೆ ಓಡಿತು. ಅವಳು ನಾಲ್ಕೂ ಗಾಜು ಇಳಿಸಿ, ತನ್ನ ಉಸಿರು ತನಗೆ ಕೇಳುವ ಹಾಗೆ ಜೋರಾಗಿ ಎಳೆದು ಬಿಡುತ್ತ ಚಾಂದವಡ್ ಪೇಟೆಯ ತನಕ ಓಡಿಸಿದಳು.