ಬರ್ಫದ ಖಾನೆ

ಚನ್ನಯ್ಯನಿಗೆ ಊರಿನಲ್ಲಿ ಒಬ್ಬರನ್ನು ಕಂಡರೂ ಆಗುತ್ತಿರಲಿಲ್ಲ, ಊರಿಗೂ ಅವನೆಂದರೆ ಅಷ್ಟಕ್ಕಷ್ಟೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಕರಿಗುಡ್ಡ ಅಂತ ಒಂದು ಊರು. ಅಲ್ಲಿಯ ಕೆರೆ ಕಚೇರಿಯಲ್ಲಿ ಮಳೆ ಅಳೆಯುವುದು ಅವನ ನೌಕರಿ. ಊರಿನಿಂದ ಅರ್ಧ ಮೈಲಿ ಆಚೆ, ಗುಡ್ಡದ ಬುಡದಲ್ಲಿ ಮುಳ್ಳುಬೇಲಿಯ ನಡುವೆ ತಗಡಿನ ಡಬ್ಬಿಯೊಂದನ್ನು ನೆಟ್ಟಿದ್ದರು, ಅದರ ಬಾಯಿಗೆ ತಾಮ್ರದ ಆಲಿಕೆ. ದಿನಾ ಬೆಳಿಗ್ಗೆ ಎಂಟಕ್ಕೆ ಹೋಗಿ, ಅದರಲ್ಲಿ ಬಿದ್ದ ನೀರನ್ನು ಸೆಂಟಿನಲ್ಲಿ, ಅಂದರೆ ಇಂಚಿನ ನೂರನೇ ಪಾಲಿನಲ್ಲಿ, ಅಳೆದು, ಉರ್ದುವಿನಲ್ಲಿ ಬರೆದಿಡಬೇಕು. ಇಪ್ಪತ್ತೆರಡು ವರ್ಷ ಬರೆದಿದ್ದ. ವರ್ಷದ ಎಂಟು ತಿಂಗಳು ಅದರೊಳಗೆ ಧೂಳು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಹಾದುಹೋಗುವವರು "ಅಯ್ಯಾರ, ಇವತ್ತೆಷ್ಟು ಧೂಳ ಬಿತ್ರಿ?" ಅಂತ ಕೇಳದೆ ಬಿಡುತ್ತಿರಲಿಲ್ಲ, ಅವನು ಅವರ ಮೂರು ತಲೆಮಾರಿನ ಜಾತಕ ಬಿಚ್ಚದೆ ಬಿಡುತ್ತಿರಲಿಲ್ಲ.

ರಿಜಿಸ್ಟರಿನಲ್ಲಿ ಮಳೆಯ ಖಾನೆಯ ಪಕ್ಕ ಬರ್ಫದ ಖಾನೆ ಇತ್ತು. ಹಿಮವೋ ಆಣೆಕಲ್ಲೋ, ಮುಗಿಲಿನಿಂದ ಗಟ್ಟಿಯಾಗಿ ಏನೇ ಬಿದ್ದರೂ ಅಲ್ಲಿ ಬರೆಯಬೇಕು. ಬಂಡೆಗಲ್ಲು ಕಾದು ಅಂಗಾಲು ಸುಡುವ ನಾಡಿನಲ್ಲಿ ಬರ್ಫ! ಯಾವ ಪುಣ್ಯಾತ್ಮ ಈ ಗೆರೆ ಎಳೆದನೋ ಅಂತ ಮೊದಲ ವರ್ಷವೆಲ್ಲ ಬಯ್ದ. ಎರಡನೇ ವರ್ಷದಿಂದ ಬಯ್ಯುವುದು ಬಿಟ್ಟು, ತಿಂಗಳ ಒಂದನೇ ತಾರೀಕಿಗೇ ಕೂತು ಅಷ್ಟೂ ದಿನಕ್ಕೆ ಸಿಫರ್ ಹಾಕಿ ಮುಗಿಸತೊಡಗಿದ. ಉರ್ದುವಿನಲ್ಲಿ ಸೊನ್ನೆ ಅಂದರೆ ಒಂದು ಚುಕ್ಕೆ. ಮೂವತ್ತು ಚುಕ್ಕೆ ಇಡಲು ಎಷ್ಟು ಹೊತ್ತು ಬೇಕು?

ನಿಜಾಮನ ರಾಜ್ಯ ಹೋಗಿ ಎರಡನೇ ಬೇಸಿಗೆ ಅದು. ಮದ್ರಾಸ್ ಕಡೆಯಿಂದ ಹೊಸ ಸಾಹೇಬರು ಬಂದಿದ್ದರು. ಹಳೆಯ ನೌಕರರನ್ನೆಲ್ಲ ಜರಡಿ ಹಿಡಿಯುತ್ತಿದ್ದರು. ಉರ್ದು ಬರೆಯುವವನು ಅಂದರೆ ಸಾಕು, ಹುಬ್ಬು ಮೇಲೇರುತ್ತಿತ್ತು. ರಿಜಿಸ್ಟರಿನಲ್ಲಿ ಒಂದು ಸುಳ್ಳು ಕಂಡರೂ ಮನೆಗೆ ಕಳಿಸುತ್ತೇನೆ ಅಂತ ಎಲ್ಲರೆದುರು ಹೇಳಿದ್ದರು. ಚನ್ನಯ್ಯನಿಗೆ ಐವತ್ತೊಂದು ತುಂಬಿತ್ತು, ಗೇಣು ಹೊಲವಿರಲಿಲ್ಲ, ಮಳೆ ಅಳೆಯುವುದು ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ಆಗಲೇ ದಿಲ್ಲಿಯಿಂದ ಒಂದು ಕಾಗದ ಬಂತು: ನಿಮ್ಮಲ್ಲಿ ಎಷ್ಟು ವರ್ಷಕ್ಕೊಮ್ಮೆ ಬರ್ಫ ಬೀಳುತ್ತದೆ? ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಇಲ್ಲ ಎಂದು ಚನ್ನಯ್ಯ ಠೀವಿಯಿಂದ ಬರೆದು ಸಾಹೇಬರ ಕೈಗೆ ಕೊಟ್ಟ.

ಊರಿನ ಹಗೆಗಳಲ್ಲೆಲ್ಲ ದೊಡ್ಡ ಹಗೆ ಕುರಿ ಕಾಯುವ ಮಲಕಮ್ಮಳದು. ಅವಳ ಕುರಿ ಒಮ್ಮೆ ಬೇಲಿ ಮುರಿದು ಒಳಗೆ ನುಗ್ಗಿದ್ದಕ್ಕೆ ಚನ್ನಯ್ಯ ಇಡೀ ಹಿಂಡನ್ನೇ ದೊಡ್ಡಿಗೆ ಹಾಕಿಸಿದ್ದ. ಅವಳು ಅವನ ಮನೆ ಮುಂದೆ ನಿಂತು ಮಣ್ಣು ತೂರಿ ಹೋಗಿದ್ದಳು. ಅಂದಿನಿಂದ ಅವನನ್ನು ಕಂಡರೆ ಉಗುಳುತ್ತಿದ್ದಳು, ಅದೂ ಅವನಿಗೆ ಕೇಳುವ ಹಾಗೆ.

ಏಪ್ರಿಲ್ ನಾಲ್ಕನೇ ತಾರೀಕು ಮಧ್ಯಾಹ್ನ ಗುಡ್ಡದ ಮೇಲೆ ಮುಗಿಲು ಕರ್ರಗಾಯಿತು. ಊರೊಳಗೆ ಬರೀ ಗಾಳಿ, ನಾಲ್ಕು ಹನಿ. ಚನ್ನಯ್ಯ ಬಾಗಿಲು ಹಾಕಿಕೊಂಡು ಮಲಗಿದ್ದ. ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಡಬ್ಬಿಯಲ್ಲಿ ಹದಿನಾಲ್ಕು ಸೆಂಟು ನೀರು, ತಾಮ್ರದ ಆಲಿಕೆ ಮೂರು ಕಡೆ ತಗ್ಗುಬಿದ್ದಿತ್ತು. "ಈ ರಂಡಿದೇ ಕೆಲಸ!" ಅಂದ. ಕಲ್ಲು ಬೀರಿದ್ದಾಳೆ, ಇನ್ಯಾರು? ಸಾಕ್ಷಿಗೆ ಆ ಕಲ್ಲು ಬೇಕೆಂದು ಬೇಲಿಯ ಸುತ್ತ ಹುಡುಕಿದ, ಒಂದೂ ಸಿಗಲಿಲ್ಲ. ಆರಿಸಿಕೊಂಡು ಹೋಗಿದ್ದಾಳೆ ಕಳ್ಳಿ ಅಂದುಕೊಂಡು, ಅವತ್ತೇ ಪೊಲೀಸ್ ಚೌಕಿಗೆ ಅವಳ ಮೇಲೆ ಅರ್ಜಿ ಕೊಟ್ಟು ಬಂದ.

ಮುಗಿಲು ಕರ್ರಗಾದ ಆ ನಾಲ್ಕನೇ ತಾರೀಕಿನ ಮಧ್ಯಾಹ್ನವೇ ಮಲಕಮ್ಮಳ ಹಿಂಡಿನಲ್ಲಿ ಹತ್ತೊಂಬತ್ತು ಕುರಿ ಸತ್ತಿದ್ದವು. ಅದರಲ್ಲಿ ಹದಿನಾಲ್ಕು ಸಾಹುಕಾರ ಭಗವಂತರಾಯನವು, ಕಾಯಲು ಕೊಟ್ಟವು. ಆಣೆಕಲ್ಲು ಬಿದ್ದು ಸತ್ತವು ಅಂದಳು. ಯಾರೂ ನಂಬಲಿಲ್ಲ, ಊರಿನಲ್ಲಿ ಒಬ್ಬರೂ ಒಂದು ಹರಳು ಕಂಡಿರಲಿಲ್ಲ, ಕಾದ ಬಂಡೆಯ ಮೇಲೆ ಬಿದ್ದದ್ದು ಅರ್ಧ ಗಳಿಗೆಯಲ್ಲಿ ಕರಗಿಹೋಗಿತ್ತು. ಚರ್ಮವನ್ನಾದರೂ ತೋರಿಸು ಅಂದರೆ ಅದೂ ಇಲ್ಲ. ಮುಗಿಲು ಕೊಂದ ಕುರಿಯನ್ನು ಸುಲಿಯಬಾರದು, ತಿನ್ನಬಾರದು, ಹೂತ ಮೇಲೆ ಅಗೆಯಬಾರದು ಎಂಬ ಕಟ್ಟು ಅವರ ಮನೆಯದು. ಅವಳೂ ಗಂಡ ಬಾಲಪ್ಪನೂ ಸೇರಿ ಹಳ್ಳದ ದಂಡೆಯಲ್ಲಿ ಅಷ್ಟನ್ನೂ ಹೂತಿದ್ದರು. ಹೂತದ್ದು ಯಾರದೋ ನಾಲ್ಕು ಸತ್ತ ಕುರಿ, ನನ್ನವನ್ನು ಕೆಂಭಾವಿ ಸಂತೆಯಲ್ಲಿ ಮಾರಿದ್ದಾಳೆ ಎಂದು ಭಗವಂತರಾಯ ಊರೆಲ್ಲ ಸಾರಿದ. ಅವಳ ಮಗಳು ಭೀಮಮ್ಮಳನ್ನು ಕೇಳಿದ್ದ ಕೆಂಭಾವಿಯ ಬೀಗರು, ಕಳ್ಳಿಯ ಮಗಳು ಬೇಡ ಅಂತ ಹೇಳಿ ಕಳಿಸಿದರು. ಅವಳ ಹತ್ತಿರ ಉಳಿದ ಇಪ್ಪತ್ತೊಂದು ಕುರಿಯೂ ನನಗೆ ಬರಬೇಕು ಅಂತ ಭಗವಂತರಾಯ ಹಟ ಹಿಡಿದ. ಅಷ್ಟೂ ಹೋದರೆ ಆ ಮನೆಯ ಒಲೆ ಹೊತ್ತುವ ಹಾಗಿರಲಿಲ್ಲ.

ಎರಡು ವಾರದ ಮೇಲೆ ಸಾಹೇಬರು ಊರಿಗೆ ಬಂದಾಗ ಪಂಚಾಯಿತಿ ಅವರ ಮುಂದೆಯೇ ಕೂತಿತು. ಚನ್ನಯ್ಯನನ್ನು ರಿಜಿಸ್ಟರು ಸಮೇತ ಕರೆಸಿದರು.

"ನಾಲ್ಕನೇ ತಾರೀಕಿನದು ಓದಿ," ಎಂದರು ಸಾಹೇಬರು.

"ಮಳಿ ಹದಿನಾಕ ಸೆಂಟರಿ. ಬರ್ಫ ಸಿಫರ್."

"ಕೇಳಿದ್ರಲ್ರಿ?" ಭಗವಂತರಾಯ ತೊಡೆ ತಟ್ಟಿ ನಕ್ಕ. "ಸರ್ಕಾರಿ ಕಾಗದ ಸುಳ್ಳ ಹೇಳ್ತದೇನ್ರಿ?"

ಚನ್ನಯ್ಯನಿಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿ. ಅನುಭವಿಸಲಿ ಅಂದುಕೊಂಡ.

ಮಲಕಮ್ಮ ಅಳಲಿಲ್ಲ. "ಲಿಂಬಿಕಾಯಿಯಷ್ಟು ದಪ್ಪ ಬಿದ್ದಾವ್ರಿ, ಸಾಹೇಬ್ರ. ಮೊದ್ಲ ಅಯ್ಯಾರ ಬೇಲಿ ಕಡಿಂದ ಟಣಟಣ ಸಪ್ಪಳ ಬಂತು. ಆಮ್ಯಾಲ ನಮ್ಮ ಮ್ಯಾಲ. ನಾ ಕಂಬಳಿ ಹೊತ್ತು ಕಲ್ಲಿನ ಸಂದ್ಯಾಗ ಕುಂತೆ. ಕುರಿ ಎಲ್ಲಿ ಕುಂದರಬೇಕ್ರಿ?"

ಟಣಟಣ. ಚನ್ನಯ್ಯನಿಗೆ ಆಲಿಕೆಯ ಮೂರು ತಗ್ಗು ಕಣ್ಣ ಮುಂದೆ ಬಂದವು. ಎಷ್ಟು ಹುಡುಕಿದರೂ ಸಿಗದ ಕಲ್ಲು ಎಲ್ಲಿಗೆ ಹೋಗಿತ್ತು ಎಂಬುದು ಈಗ ತಿಳಿಯಿತು. ಬಾಯಿ ಮುಚ್ಚಿಕೊಂಡು ಕೂತರೆ ನೌಕರಿ ಉಳಿಯುತ್ತದೆ, ಇವಳ ಸೊಕ್ಕೂ ಇಳಿಯುತ್ತದೆ. ಆದರೆ ಅವನ ಸಂಕಟವೇ ಬೇರೆ. ಹುಟ್ಟಿದಾಗಿನಿಂದ ಊರನ್ನೆಲ್ಲ ಬಯ್ದಿದ್ದ, ನಿಜ. ಇದ್ದದ್ದನ್ನೇ ಎತ್ತಿ ಆಡಿ ಬಯ್ದಿದ್ದ. ಇಲ್ಲದ್ದನ್ನು ಯಾರ ಮೇಲೂ ಹೊರಿಸಿದವನಲ್ಲ, ಅವನ ಜಂಬವೆಲ್ಲ ಅದೊಂದೇ. ಚೌಕಿಗೆ ಕೊಟ್ಟ ಆ ಅರ್ಜಿಯಿಂದ ಅದು ಮಣ್ಣುಪಾಲಾಗಿತ್ತು, ಅದೂ ಈ ಹೆಂಗಸಿನ ವಿಷಯದಲ್ಲಿ.

ಮಲಕಮ್ಮ ಅವನ ಕಡೆ ತಿರುಗಿದಳು. "ಅಯ್ಯಾರ, ನಿಮಗ ನನ್ನ ಮ್ಯಾಲ ಸಿಟ್ಟೈತಿ, ಖರೆ. ಆ ಸಿಫರ್ ನೀವು ಕಣ್ಣಲೆ ನೋಡಿ ಬರದೀರೇನು? ಅಷ್ಟ ಹೇಳ್ರಿ ಸಾಕು."

ಚನ್ನಯ್ಯ ರಿಜಿಸ್ಟರು ಮುಚ್ಚಿದ. "ಇಲ್ಲ," ಅಂದ. "ಒಂದನೇ ತಾರೀಕಿಗೇ ಬರದಿಟ್ಟಿದ್ದೆ. ಆಕಿ ಹೇಳೂದು ಖರೆ ಐತ್ರಿ. ಆಲಿಕಿ ತಗ್ಗ ಬಿದ್ದದ್ದು ಆಣಿಕಲ್ಲಿನಿಂದ. ಆಕಿ ಮ್ಯಾಲ ನಾ ಕೊಟ್ಟ ಅರ್ಜಿ ಸುಳ್ಳು."

ಭಗವಂತರಾಯ ಎದ್ದು ನಿಂತ. "ಏ ಅಯ್ಯಾ, ತಲಿ ಕೆಟ್ಟೈತೇನ್ ನಿಂದು?"

"ಕುಂದ್ರು ಸುಮ್ನ!" ಚನ್ನಯ್ಯ ಗದರಿದ. "ನಿಂದೇನೈತಿ ನಡುವ?"

ಸಾಹೇಬರು ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡರು. "ಹಿಂದಿನ ತಿಂಗಳು?"

"ಅದೂ ಹಂಗರಿ."

"ಹೋದ ವರ್ಷ?"

"ಇಪ್ಪತ್ತೊಂದ ವರ್ಷದಿಂದ ಹಂಗರಿ."

"ಹಾಗಾದರೆ ದಿಲ್ಲಿಗೆ ನಾನು ಏನು ಬರೆಯಲಿ? ಇಲ್ಲಿ ಎಷ್ಟು ಸಲ ಬಿದ್ದಿದೆ?"

"ಗೊತ್ತಿಲ್ರಿ. ಯಾರಿಗೂ ಗೊತ್ತಿಲ್ಲ."

ಕುರಿ ಮಲಕಮ್ಮಳ ಹತ್ತಿರವೇ ಉಳಿದವು. ಚನ್ನಯ್ಯನ ನೌಕರಿ ಅಲ್ಲೇ ಹೋಯಿತು. ಕಚೇರಿಯ ಬೀಗದ ಕೈ ಮೇಜಿನ ಮೇಲಿಟ್ಟು ಹೊರಗೆ ಬಂದ. ಮಲಕಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಒಂದು ಒಳ್ಳೆಯ ಮಾತು ಆಡಿಯಾಳು, ಕಾಲಿಗೆ ಬಿದ್ದರೂ ಬಿದ್ದಾಳು ಅಂತ ಅವನು ಕಾಲು ತಡೆದ.

"ಏನ್ ನೋಡ್ತಿ?" ಎಂದಳು. ಅಯ್ಯಾರ ಎಂಬ ಮಾತು ಹೋಗಿತ್ತು. "ಎರಡ ವಾರ ಊರೆಲ್ಲ ನನ್ನ ಕಳ್ಳಿ ಅಂದ್ರು. ನನ್ನ ಮಗಳ ಲಗ್ನ ಮುರೀತು, ಅವರೇನ್ ಇನ್ನ ತಿರುಗಿ ಬರ್ತಾರ? ಇದೆಲ್ಲಾ ನಿನ್ನ ಮೈಗಳ್ಳತನದಿಂದ. ಈಗ ನಿನ್ನ ನೌಕರಿ ಹೋತಂತ ನಾ ಅಳಬೇಕೇನು?"

ಚನ್ನಯ್ಯ ಬಾಯಿ ತೆರೆದ. ಊರಿನಲ್ಲಿ ಯಾರಿಗೂ ಒಂದಕ್ಕೆರಡು ಕೊಡದೆ ಬಿಟ್ಟವನಲ್ಲ. ಆದರೆ ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅದಕ್ಕೇ ಅವನಿಗೆ ಮೈಯೆಲ್ಲ ಉರಿಯಿತು.